ಟೀವಿಯಲ್ಲಿ ಸತ್ತ ಅತ್ತೆ

ಉದಕಮಂಡಲದ ಸುತ್ತಮುತ್ತ ಡಿಶ್ ಕೂರಿಸುವುದು, ಕೆಟ್ಟ ಟೀವಿ ಸರಿಮಾಡುವುದು ನನ್ನ ಕಸುಬು. ಪರದೆಯ ಮೇಲೆ ಯಾರು ಅತ್ತರೂ, ಯಾರು ಸತ್ತರೂ ಈ ಬೆಟ್ಟದ ಜನ ಮೊದಲು ನನ್ನನ್ನೇ ಕೇಳುತ್ತಾರೆ. ಕಥೆ ಬರೆದವನು ಕೈಗೆ ಸಿಗುವುದಿಲ್ಲ, ನಾನು ಸಿಗುತ್ತೇನೆ, ಅಷ್ಟೆ.

ಸತ್ತನೋ ಇಲ್ಲವೋ

ಒಂದು ಸಂಜೆ ಜೋರು ಮಳೆಗೆ ಕೆತ್ತಿ ಎಂಬ ಊರಿನಲ್ಲಿ ಡಿಶ್ ಕೈಕೊಟ್ಟಿತು. ಕ್ಯಾರೆಟ್ ಬೆಳೆಯುವ ಮನೆಯ ಹೆಂಗಸೊಬ್ಬರು ಫೋನ್ ಮಾಡಿದರು. ಅವರ ತಮಿಳು ಧಾರಾವಾಹಿಯಲ್ಲಿ ನಾಯಕಿಯ ಗಂಡ ಆಸ್ಪತ್ರೆ ಸೇರಿದ್ದ. ಡಾಕ್ಟರು ಹೊರಗೆ ಬಂದು ಬಾಯಿ ತೆರೆಯುವಷ್ಟರಲ್ಲಿ ಚಿತ್ರ ಹೋಗಿತ್ತು.

“ಅಣ್ಣಾ, ರಿಪೇರಿ ನಾಳೆ ಆಗಲಿ. ಸತ್ತನೋ ಇಲ್ಲವೋ, ಅದೊಂದು ಹೇಳಿ.”

ನನಗೇನು ಗೊತ್ತು? ಸಮಾಧಾನಕ್ಕೆ, “ಬದುಕಿದ್ದಾನೆ ಅಕ್ಕಾ” ಅಂದುಬಿಟ್ಟೆ.

ಮಾರನೆಯ ದಿನ ಹೋದರೆ ಮುಖ ಊದಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. “ನಿನ್ನೆಯೇ ಹೋಗಿಬಿಟ್ಟಿದ್ದನಂತೆ. ನಿಮ್ಮ ಮಾತು ನಂಬಿ ಹೊಟ್ಟೆತುಂಬ ಉಂಡೆನಲ್ಲ ಅಣ್ಣಾ.”

ಬಟ್ಟೆ ಮುಚ್ಚಿದ ಟೀವಿ

ಸೋಲೂರಿನ ಕಡೆಯ ಒಂದು ಹಟ್ಟಿಯಲ್ಲಿ ಅತ್ತೆ ಸೊಸೆ ಇಬ್ಬರೇ ಇರುವ ಮನೆಯಿದೆ. ಈ ಬೆಟ್ಟದ ಬಡಗರು ಅಜ್ಜಿಗೆ ಹೆತ್ತೆ ಎನ್ನುತ್ತಾರೆ, ಆ ಅತ್ತೆಯನ್ನು ನಾನೂ ಹಾಗೇ ಕರೆಯುತ್ತೇನೆ. ಅವರ ಒಬ್ಬನೇ ಮಗ ಚಹಾ ಎಲೆಯನ್ನು ಫ್ಯಾಕ್ಟರಿಗೆ ಒಯ್ಯುವಾಗ ಜೀಪು ಮಗುಚಿ ತೀರಿಕೊಂಡ. ಎಲೆ ಬಾಡುತ್ತದೆ, ಇವತ್ತೇ ಕೊಟ್ಟು ಬಾ ಎಂದು ಹೆಂಡತಿ ಕಳಿಸಿದ್ದಳು. ಹೆತ್ತೆ ಹೆಣದ ಮುಂದೆ, ಎಲ್ಲರ ಎದುರಿಗೆ, “ನೀನೇ ಕಳಿಸಿ ಕೊಂದೆ” ಎಂದರು. ಅಂದಿನಿಂದ ಸೊಸೆ ಅವರೊಡನೆ ಮಾತು ಬಿಟ್ಟಳು. ಒಂದೇ ಒಲೆ, ಒಂದೇ ಊಟ, ಮಾತು ಮಾತ್ರ ಇಲ್ಲ. ನನಗೆ ಆ ಮನೆಯ ಮೆಟ್ಟಿಲು ಹತ್ತುವಾಗಲೆಲ್ಲ ಸಂಕಟವಾಗುತ್ತಿತ್ತು.

ಒಂದು ದಿನ ಸೊಸೆಯ ಫೋನ್ ಬಂತು. “ಮಾಮಿ ಟೀವಿಗೆ ಬಟ್ಟೆ ಮುಚ್ಚಿದ್ದಾರೆ. ಕೆಟ್ಟಿದೆಯೋ ಏನೋ, ನೀವೇ ಬಂದು ಕೇಳಿ ಅಣ್ಣಾ.”

ಕೇಳುವುದಕ್ಕೆಂದೇ ಬಸ್ಸು ಹತ್ತಿ ಹೋದೆ. ಟೀವಿ ಚೆನ್ನಾಗಿಯೇ ಇತ್ತು. ಹೆತ್ತೆ ದಿನಾ ನೋಡುವ ಧಾರಾವಾಹಿಯ ಅತ್ತೆ ಸತ್ತಿದ್ದಳು.

“ಸಾವಾದ ಮನೇಲಿ ಟೀವಿ ಹಾಕ್ತಾರಾ ತಮ್ಮಾ?”

“ಸಾವಾಗಿದ್ದು ಅವರ ಮನೆಯಲ್ಲಿ, ಹೆತ್ತೆ.”

“ಅವರ ಮನೆ ಇರೋದು ಎಲ್ಲಿ? ಎಂಗ ಈ ಮನೇಲಿ ತಾನೆ?”

ಇನ್ನೂ ಎತ್ತಿಲ್ಲ

ಸೂತಕ ಕಳೆಯಿತೆಂದು ಹೆತ್ತೆಗೆ ತೋರಿದ ಮೇಲೆ ಮತ್ತೆ ಕರೆ ಬಂತು. ಮುಚ್ಚಿಟ್ಟ ಟೀವಿಯನ್ನು ನಾನೇ ಬಂದು ಹಚ್ಚಿಕೊಡಬೇಕಂತೆ. ಬಟ್ಟೆ ತೆಗೆದು ಹಚ್ಚಿದೆ. ನೋಡಿದರೆ ಧಾರಾವಾಹಿಯ ಅತ್ತೆ ಇನ್ನೂ ನಡುಮನೆಯಲ್ಲೇ ಮಲಗಿದ್ದಾಳೆ, ಸುತ್ತ ಅದೇ ಜನ ಅಳುತ್ತಿದ್ದಾರೆ. ಧಾರಾವಾಹಿಗಳಲ್ಲಿ ಹೆಣ ಬೇಗ ಮನೆ ಬಿಡುವುದಿಲ್ಲ.

“ಇನ್ನೂ ಎತ್ತಿಲ್ಲೆಯಾ?” ಹೆತ್ತೆ ಬಾಯಿಯ ಮೇಲೆ ಕೈಯಿಟ್ಟರು. “ಪಾಪ ಹೇಳೋ ಹಿರಿಯರಿಲ್ಲ ಆ ಮನೇಲಿ. ಮತ್ತೆ ಹೆಂಗೆ ಎತ್ತಾರು?”

ಬಡಗರಲ್ಲಿ ಅದೊಂದು ಪದ್ಧತಿ. ಹಿರಿಯರೊಬ್ಬರು ಸತ್ತವರ ತಪ್ಪುಗಳನ್ನೆಲ್ಲ ಎತ್ತಿ ಹೇಳುತ್ತಾರೆ, ನೆರೆದವರು ದನಿಗೂಡಿಸುತ್ತಾರೆ. ಹಾಗೆ ಹೇಳಿದರೆ ಪಾಪ ಕಳೆದು ಮುಂದಿನ ದಾರಿ ತೆರೆಯುತ್ತದೆಂದು ನಂಬಿಕೆ.

ಹೆತ್ತೆ ಎದ್ದು ಟೀವಿಯ ಮುಂದೆ ನಿಂತರು. “ಸೊಸೆಯ ಹಾಲಿಗೆ ವಿಷ ಹಾಕಿದಳು, ಆ ಪಾಪ ಹೋಗಲಿ.”

“ಹೋಗಲಿ,” ಅಂದೆ. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಅದರ ಸಮೇತ ಕೈಮುಗಿದೆ.

“ಮೆಟ್ಟಿಲಿಗೆ ಎಣ್ಣೆ ಸುರಿದಳು, ಆ ಪಾಪ ಹೋಗಲಿ.”

“ಹೋಗಲಿ.”

ಆಮೇಲೆ ದನಿ ಇಳಿಯಿತು. “ಮಗನ ಹೆಣದ ಮುಂದೆ ನಿಂತು, ನೀನೇ ಕೊಂದೆ ಅಂತ ಸೊಸೆಗೆ ಅಂದಳು. ಆ ಪಾಪ...”

ಮುಗಿದ ಕೈ ಇಳಿಸಿದೆ. ಅದಕ್ಕೆ ದನಿಗೂಡಿಸಲು ನಾನು ಯಾರು?

ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ನನ್ನನ್ನೇ ನೋಡುತ್ತ ಹೇಳಿದಳು, “ಅಣ್ಣಾ, ಅದು ಕಥೆಯಲ್ಲಿ ಬರಲೇ ಇಲ್ಲವಲ್ಲ.”

ಹೆತ್ತೆ ತಿರುಗಲಿಲ್ಲ. “ಬಂತು ಅಂತ ಹೇಳು ತಮ್ಮಾ. ಅವಳು ಒಳಗಿದ್ದಳು, ನೋಡಿರಲಿಲ್ಲ.”

ಸೊಸೆ ಸೆರಗು ಬಾಯಿಗೊತ್ತಿಕೊಂಡು ಬಹಳ ಹೊತ್ತು ಅತ್ತಳು. ಹೆತ್ತೆಯ ಬೆನ್ನೂ ಅಲುಗುತ್ತಿತ್ತು. ಕೊನೆಗೆ ಸೊಸೆ ಬಂದು ಅವರ ಪಕ್ಕದಲ್ಲಿ ನಿಂತಳು.

“ಹೋಗಲಿ, ಮಾಮಿ.”

ಹೆತ್ತೆ ಅವಳ ಕೈ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಇನ್ನೂ ನಡುಮನೆಯಲ್ಲೇ ಮಲಗಿದ್ದ ಆ ಅತ್ತೆಯನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು.

“ಎಲ್ಲಾ ಹೇಳಿ ಆಯ್ತು ತಮ್ಮಾ. ನಿಮ್ಮ ಡಿಶ್‌ನವರಿಗೆ ಫೋನ್ ಹಾಕು, ಇನ್ನು ಎತ್ತಬಹುದು ಅಂತ.”