ಮುಗ್ಗಲು ಗೋಡೆ, ನೀಲಿ ಹೊದಿಕೆ

ಮಳೆಗಾಲದಲ್ಲಿ ಮಲಗುವ ಕೋಣೆಯ ಗೋಡೆ ಮುಗ್ಗಲು ಹಿಡಿದು, ಅದರ ವಾಸನೆಗೆ ಕೆಮ್ಮು ಹತ್ತಿ, ವಾಚ್ ರಿಪೇರಿಯವನ ಹೆಂಡತಿ ತಂಗಿಯ ಮನೆ ಸೇರಿದ್ದಳು. ಮಳೆ ನಿಂತು ಎರಡು ತಿಂಗಳಾಯಿತು. ವಾಸನೆ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಬೆಳಿಗ್ಗೆ ಅವಳ ಫೋನ್ ಬಂತು. "ಸಂಜೆ ಬರ್ತೀನಿ ರೀ. ವಾಸನೆ ಇದ್ರೆ ಚಪ್ಪಲಿ ಕೂಡ ಬಿಡಲ್ಲ, ಹಾಗೇ ವಾಪಸ್."

"ಬಾರೇ, ಒಬ್ನೇ ಇದ್ದು ಸಾಕಾಗಿದೆ ನಂಗೆ," ಎಂದ ಅವನು.

ಹಾಸಿಗೆಯಲ್ಲಿ ಅವಳ ಅರ್ಧಕ್ಕೆ ಅವನು ಇವತ್ತಿಗೂ ಕಾಲು ಚಾಚಿದವನಲ್ಲ. ದಿನಾ ಮಾಡುವಂತೆ ಅವಳ ದಪ್ಪ ನೀಲಿ ಹೊದಿಕೆಯನ್ನು ಒಗೆದು, ತನಗೆ ಬಂದಷ್ಟು ಹಿಂಡಿ, ಕೋಣೆಯ ಹಗ್ಗಕ್ಕೆ ಹಾಕಿದ. ಬೀದಿಯ ಧೂಳು ಕೂರದಿರಲಿ ಎಂದು ಕಿಟಕಿ ಭದ್ರವಾಗಿ ಮುಚ್ಚಿದ.

ಸುದ್ದಿ ತಿಳಿದ ಮೇಲ್ಮನೆಯ ಟೀಚರಮ್ಮ ವಾಸನೆ ಹೀರಲೆಂದು ಒಂದು ಬುಟ್ಟಿ ಇದ್ದಿಲು ತಂದು ಮೂಲೆಮೂಲೆಗೂ ಸುರಿದರು. ಎದುರುಮನೆಯ ರಿಟೈರ್ಡ್ ಇಂಜಿನಿಯರು ರೋಗಿಯ ಎದೆಗೆಂಬಂತೆ ಗೋಡೆಗೆ ಕಿವಿಯಿಟ್ಟರು.

"ಒಳಗೆ ಪೈಪ್ ಒಡೆದಿದೆ. ಕೇಳಿಸ್ತಿಲ್ವಾ, ಟಪ್ ಟಪ್ ಅಂತ?"

ಅವನಿಗೂ ಕೇಳಿಸಿತು. "ಆದ್ರೆ ಈ ಗೋಡೇಲಿ ಪೈಪೇ ಇಲ್ವಲ್ಲ ಸಾರ್?"

"ನಲವತ್ತು ವರ್ಷ ಸರ್ವಿಸ್ ನಂದು. ಒಡೆಸ್ರೀ."

ಗಾರೆ ಮೇಸ್ತ್ರಿ ಬಂದ. ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಮೂರು ತೂತು ಬಿದ್ದವು. ಪೈಪೂ ಇಲ್ಲ, ನೀರೂ ಇಲ್ಲ. "ಊಟ ಮುಗಿಸಿ ಬಂದೆ," ಎಂದು ಹೋದ ಇಂಜಿನಿಯರು ನಾಪತ್ತೆ.

"ಒಳಗೆ ಇಟ್ಟಿಗೆ ಒಣಗಿದೆ ಸಾರ್. ಮೇಲಷ್ಟೇ ಪಸೆ," ಎನ್ನುತ್ತಿದ್ದ ಮೇಸ್ತ್ರಿಯ ಕತ್ತಿನ ಮೇಲೆ ಟಪ್ಪೆಂದು ಹನಿ ಬಿತ್ತು. ಅವನು ತಲೆಯೆತ್ತಿದ. "ಈ ಹೊದಿಕೆ ದಿನಾ ಇಲ್ಲೇ ಒಣಗತ್ತಾ? ಕಿಟಕಿ ಮುಚ್ಕೊಂಡು?"

"ಹೂಂ. ಅವಳು ಯಾವತ್ತು ಬಂದ್ರೂ ಹೊದ್ಕೊಳ್ಳೋಕೆ ಶುಭ್ರವಾಗಿರ್ಲಿ ಅಂತ..."

"ಆ ನೀರೆಲ್ಲಾ ಈ ಗೋಡೇನೇ ಕುಡಿದಿದೆ ಸಾರ್!" ಎಂದು ಮೇಸ್ತ್ರಿ ಕಿಟಕಿ ತೆರೆದ.

ಬಾಗಿಲಲ್ಲಿ ಯಾರೋ ಮೂಗೆಳೆದ ಸದ್ದಾಯಿತು. ಸಂಜೆ ಬರುತ್ತೇನೆಂದವಳು ತಡೆಯಲಾರದೆ ಆಗಲೇ ಬಂದು ನಿಂತಿದ್ದಳು. ಕಣ್ಣು ತುಂಬಿತ್ತು.

"ದಿನಾ ಒಗೀತಿದ್ರಾ, ನನಗೋಸ್ಕರ?"

ಅವನು ತಪ್ಪು ಮಾಡಿದವನಂತೆ ತಲೆಯಾಡಿಸಿದ. ಅವಳು ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಒಳಗಿಟ್ಟಳು. ಒಡೆದ ಗೋಡೆಯ ಧೂಳಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಮಾತಾಡಲು ಬೀದಿಗೇ ಇಳಿಯಬೇಕಾಯಿತು.

"ಗೋಡೆ ಮುಚ್ಚಿಸಿ, ಒಣಗಲಿ. ಬರೋ ತಿಂಗಳು ಖಂಡಿತಾ ಬರ್ತೀನಿ," ಎಂದು ಹೊದಿಕೆ ತರಿಸಿಕೊಂಡು ಮಡಿಲಲ್ಲಿಟ್ಟು ಆಟೋದಲ್ಲಿ ಕೂತಳು. "ಇದು ಇಲ್ಲಿದ್ರೆ ನೀವು ಸುಮ್ನಿರಲ್ಲ."

ಆಟೋ ಮರೆಯಾಗುವವರೆಗೂ ನೋಡುತ್ತಿದ್ದು ಅವನು ಒಳಗೆ ಬಂದ. ಮನೆ ಭಣಗುಡುತ್ತಿತ್ತು. ಅವಳ ದಿಂಬಿನ ಮೇಲೆ ಬೆರಳಿಟ್ಟರೆ ಅಚ್ಚು ಮೂಡುವಷ್ಟು ಧೂಳು. ಇದರ ಮೇಲೆ ಅವಳು ತಲೆಯಿಡುವುದು ಹೇಗೆ?

ದಿಂಬಿನ ಕವರು ಬಿಚ್ಚಿ, ಒಗೆದು, ತನಗೆ ಬಂದಷ್ಟು ಹಿಂಡಿ, ಕೋಣೆಯ ಹಗ್ಗಕ್ಕೆ ಹಾಕಿದ. ಆಮೇಲೆ ಹೋಗಿ ಕಿಟಕಿ ಮುಚ್ಚಿದ.