ಬಾಗಿಲ ಹಮ್ದೂನನ ಮನೆತನ

ಅಲ್ಲಾಲನ ಗ್ರಹಚಾರ ಕೆಟ್ಟದ್ದು ಒಂದು ಚೀಲ ಒಣದ್ರಾಕ್ಷಿಯಿಂದ. ಅದೂ ಆರುನೂರು ವರ್ಷ ಹಳೆಯ ದ್ರಾಕ್ಷಿ. ಫೆಸ್ ಪಟ್ಟಣದ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಐತಿಹಾಸಿಕ ಕಾದಂಬರಿಗಳ ಹುಚ್ಚು. ಈಗ ಓದುತ್ತಿದ್ದ ಕಾದಂಬರಿಯಲ್ಲಿ ಹಮ್ದೂನ್ ಎಂಬ ಕೋಟೆ ಬಾಗಿಲ ಕಾವಲುಗಾರ ಒಂದು ಚೀಲ ಒಣದ್ರಾಕ್ಷಿ ತೆಗೆದುಕೊಂಡು ಶತ್ರುವಿಗೆ ಬಾಗಿಲು ತೆರೆದುಬಿಟ್ಟಿದ್ದ. ಮಾತಿಗೆ ಮೊದಲು ಎರಡು ಸಲ ಮೂಗು ಸೊರ್ರೆನ್ನಿಸುವವನು, ಹೆಬ್ಬೆರಳಿನಿಂದ ಮೂಗಿನ ತುದಿ ಉಜ್ಜಿಕೊಳ್ಳುವವನು, ಬೀಗದಕೈಯನ್ನು ರುಮಾಲಿನೊಳಗೆ ಸಿಕ್ಕಿಸಿಕೊಳ್ಳುವವನು. ಪುಟ ತಿರುವಿದರೆ ಆ ರುಮಾಲಿನ ಬೆವರು ಮೂಗಿಗೆ ಅಡರುತ್ತಿತ್ತು. ಅಲ್ಲಾಲ್ ಬೆಳಿಗ್ಗೆಯಿಡೀ ಆ ದ್ರೋಹಿಯ ಮೇಲಿನ ಸಿಟ್ಟನ್ನು ಊರಿನ ಕಾಗದಗಳ ಮೇಲೆ ಮುದ್ರೆ ಕುಟ್ಟಿ ತೀರಿಸಿಕೊಂಡ.

ಅಂದು ಮಧ್ಯಾಹ್ನವೇ ಅವನ ನಿಶ್ಚಿತಾರ್ಥ. ಹುಡುಗಿ ಬತೂಲ್, ಚಪ್ಪಲಿ ವ್ಯಾಪಾರಿ ಹಾಜಿ ಮೆಕ್ಕಿಯ ಮಗಳು. ಕಾಗದ ಬರೆಯಲು ಯಾರೂ ಇಲ್ಲದಿದ್ದರೂ ಅಲ್ಲಾಲನ ಕಿಟಕಿಗೇ ಬಂದು ಸ್ಟಾಂಪು ಕೊಳ್ಳುತ್ತಿದ್ದವಳು. ಅವಳನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದಿಲ್ಲವೆಂದು ಅವನು ಹಟ ಹಿಡಿದಿದ್ದ.

"ನೋಡಪ್ಪಾ, ಫಾತಿಹಾ ಪ್ರಾರ್ಥನೆ ಓದಿ ಮಾತು ಗಟ್ಟಿಯಾಗೋವರೆಗೂ ಬಾಯಿ ಮುಚ್ಕೊಂಡಿರು. ಪುಸ್ತಕದ ವಿಷಯ ಎತ್ತಿದ್ರೆ ನನ್ನಾಣೆ" ಎಂದಳು ಅವನ ಸೋದರತ್ತೆ ಯಾಮ್ನಾ, ನೀಲಿ ಕಾಗದ ಸುತ್ತಿದ ಸಕ್ಕರೆ ಅಚ್ಚುಗಳನ್ನು ಅವನ ಕೈಗೆ ತುರುಕುತ್ತ.

ಹಾಜಿಯ ಮನೆಯಲ್ಲಿ ಎಲ್ಲ ಸುಸೂತ್ರವಾಗಿತ್ತು. ಪುದೀನ ಚಹಾ ಬಂತು. ಪಕ್ಕದ ಮನೆಯ ಜಲೂಲ್ ಕರೆಯದಿದ್ದರೂ ಬಂದ. ಕಡೆಗೆ ಹಾಜಿಯ ತಮ್ಮ ಲರ್ಬಿ ಒಳಗೆ ಬಂದು ಕೂತು, ಎರಡು ಸಲ ಮೂಗು ಸೊರ್ರೆನ್ನಿಸಿ, ಹೆಬ್ಬೆರಳಿನಿಂದ ಮೂಗಿನ ತುದಿ ಉಜ್ಜಿಕೊಂಡ.

"ಹಮ್ದೂನ್!" ಎಂದು ಕಿರುಚಿದ ಅಲ್ಲಾಲ್.

ಚಹಾದ ಲೋಟಗಳು ಅಲ್ಲಲ್ಲೇ ನಿಂತವು.

"ಯಾರಯ್ಯಾ ಹಮ್ದೂನ್?" ಎಂದ ಲರ್ಬಿ.

ಅತ್ತೆ ಕಾಲು ತುಳಿದಳು. ಅಲ್ಲಾಲ್ ತಡವರಿಸಿದ. "ಒಂದು ಪುಸ್ತಕದಲ್ಲಿ ಬರ್ತಾನೆ... ಹಿಂದಿನ ಕಾಲದಲ್ಲಿ ನಮ್ಮೂರ ಕೋಟೆ ಬಾಗಿಲು ಕಾಯ್ತಿದ್ದ. ಥೇಟ್ ನಿಮ್ಮ ಹಾಗೇ ಮೂಗು ಸೊರ್ರೆನ್ನಿಸ್ತಿದ್ದ."

"ಅಯ್ಯೋ ದೇವರೇ!" ಜಲೂಲ್ ತೊಡೆ ತಟ್ಟಿದ. "ಇವರ ಮನೆ ಹೆಸರೇ ಬವ್ವಾಬ್! ಬಾಗಿಲು ಕಾಯೋರು ಅಂತ್ಲೇ ಅರ್ಥ! ಹಾಜಿಯವರೇ, ಆತ ನಿಮ್ಮ ಪೂರ್ವಿಕ!"

ಹಾಜಿ ಮೆಕ್ಕಿ ಅಲ್ಲಾಡಲಿಲ್ಲ. ಫೆಸ್‌ನಲ್ಲಿ ಬೀದಿ ಗುಡಿಸುವವನಿಗೂ ಪೂರ್ವಿಕರಿರುತ್ತಾರೆ. ಹಾಜಿಗೆ ಮಾತ್ರ ಒಬ್ಬ ತಾತನ ಆಚೆಗೆ ಯಾರೂ ಇರಲಿಲ್ಲ. ಆ ಕೊರಗಿನಲ್ಲೇ ಮನುಷ್ಯ ಅರ್ಧ ಸವೆದಿದ್ದ.

"ಏನು ಮಾಡಿದ್ರು ನಮ್ಮ ಹಮ್ದೂನಜ್ಜ?" ಎಂದು ಮೆಲ್ಲಗೆ ಕೇಳಿದ.

ಪರದೆಯ ಹಿಂದೆ ಬತೂಲಳ ಬಳೆ ಸದ್ದಾಯಿತು. ಅಲ್ಲಾಲನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

"ಬಾಗಿಲು ತೆರೆದ್ರು."

"ಯಾರಿಗೆ?"

"ಬಂದವರಿಗೆ."

"ನೋಡಿದ್ಯಾ ಲರ್ಬಿ, ಅತಿಥಿ ಸತ್ಕಾರ ನಮ್ಮ ರಕ್ತದಲ್ಲೇ ಬಂದಿದೆ! ಅದಕ್ಕೆ ಏನು ತಗೊಂಡ್ರಪ್ಪಾ?"

"ಒಂದು ಚೀಲ ಒಣದ್ರಾಕ್ಷಿ."

"ಅಷ್ಟೇನಾ!" ಹಾಜಿಯ ಕಣ್ಣು ಒದ್ದೆಯಾಯಿತು. "ಇಡೀ ಊರಿನ ಬೀಗದಕೈ ಇಟ್ಕೊಂಡು ಬರೀ ಒಣದ್ರಾಕ್ಷಿ! ಆಸೆ ಅನ್ನೋದೇ ಇರಲಿಲ್ಲ ಪುಣ್ಯಾತ್ಮನಿಗೆ!"

ಅಲ್ಲಾಲನಿಗೆ ಹುರುಪು ಬಂತು. ರುಮಾಲಿನೊಳಗಿನ ಬೀಗದಕೈಯ ವಿಷಯ ಹೇಳಿದ. ಹಮ್ದೂನನಿಗೆ ಒಂದು ಬಿಳಿ ಕುದುರೆಯನ್ನೂ ಕೊಟ್ಟ. ಹಾಜಿ ಎದ್ದು ಬಂದು ಅವನನ್ನು ತಬ್ಬಿಕೊಂಡ. ಅತ್ತೆ ಕಾಲು ತುಳಿಯುವುದನ್ನು ಬಿಟ್ಟಳು. ಎಲ್ಲರೂ ಫಾತಿಹಾ ಓದಲು ಕೈ ಎತ್ತಿದರು.

"ಅದು ಸರಿ," ಎಂದ ಜಲೂಲ್, "ಗಂಡಿನ ಕಡೆ ಪೂರ್ವಿಕರು ಯಾರು?"

ಎತ್ತಿದ ಕೈಗಳು ಅರ್ಧಕ್ಕೇ ನಿಂತವು.

"ನಮ್ಮಪ್ಪ ಇದ್ದಿಲು ಮಾರ್ತಿದ್ದ" ಎಂದ ಅಲ್ಲಾಲ್. "ಅದಕ್ಕಿಂತ ಹಿಂದೆ ಗೊತ್ತಿಲ್ಲ."

ಹಾಜಿ ಕೈ ಇಳಿಸಿದ. "ಬೇಜಾರು ಮಾಡ್ಕೋಬೇಡಪ್ಪಾ. ಫೆಸ್‌ನ ಬಾಗಿಲು ಕಾಯ್ದ ಮನೆತನ ನಮ್ಮದು. ಇದ್ದಿಲಿನವರಿಗೆ ಹೆಣ್ಣು ಕೊಟ್ರೆ ಹಮ್ದೂನಜ್ಜನ ಆತ್ಮ ಏನಂದ್ಕೊಳ್ಳುತ್ತೆ?"

"ಬೆಳಿಗ್ಗೆವರೆಗೂ ಚಪ್ಪಲಿ ಮಾರ್ತಿದ್ರಲ್ರೀ!" ಎಂದಳು ಅತ್ತೆ.

"ಬೆಳಿಗ್ಗೆ ನಮಗೆ ಗೊತ್ತಿರಲಿಲ್ಲ ತಾಯಿ."

"ಹಾಜಿಯವರೇ, ಅದು ಕಾದಂಬರಿ!" ಅಲ್ಲಾಲ್ ಎದ್ದು ನಿಂತ. "ಹಮ್ದೂನ್ ಅನ್ನೋನೇ ಇರಲಿಲ್ಲ. ಇದ್ದಿದ್ರೂ ಅವನೊಬ್ಬ ದ್ರೋಹಿ! ಕುದುರೆ ನಾನೇ ಸೇರಿಸಿದ್ದು!"

ಲರ್ಬಿ ಎರಡು ಸಲ ಮೂಗು ಸೊರ್ರೆನ್ನಿಸಿ ಅದರತ್ತ ಬೆರಳು ತೋರಿಸಿದ. "ಇದನ್ನ ಯಾರಾದ್ರೂ ಕಲ್ಪನೆ ಮಾಡೋಕಾಗುತ್ತೇನಯ್ಯಾ? ಹೆಣ್ಣು ಕೊಡಲಿಲ್ಲ ಅಂತ ನಮ್ಮ ಹಿರಿಯರಿಗೇ ಮಸಿ ಬಳೀತೀಯಾ?"

ಅತ್ತೆ ಶಾಪ ಹಾಕುತ್ತ ಮುಂದೆ ಹೋದಳು. ಸಕ್ಕರೆ ಅಚ್ಚುಗಳನ್ನು ಎದೆಗವಚಿಕೊಂಡು ಅಲ್ಲಾಲ್ ಬೀದಿಗೆ ಬಂದ. ಅಳು ಒತ್ತರಿಸಿ ಬಂದಿತ್ತು. ಹಿಂದಿನಿಂದ ಬಾಗಿಲು ಕಿರುಗುಟ್ಟಿತು. ಸಂದಿಯಲ್ಲಿ ಬತೂಲ್, ಕಣ್ಣು ಕೆಂಪಾಗಿತ್ತು.

"ಎಂಥಾ ಪೆದ್ದರು ಅಲ್ಲಾಲ್ ನೀವು! ಅಷ್ಟು ದಪ್ಪ ಪುಸ್ತಕದಲ್ಲಿ ನಿಮ್ಮಜ್ಜ ಒಬ್ಬರಿಗೆ ಜಾಗ ಇರಲಿಲ್ವಾ?"

ಅಲ್ಲಾಲ್ ಮನಸ್ಸಿನಲ್ಲೇ ಪುಸ್ತಕದ ಪುಟ ತಿರುವಿದ. ಸೇನಾಪತಿ ಇದ್ದ, ಖಾಜಿ ಇದ್ದ, ಊರಿಗಾಗಿ ಪ್ರಾಣ ಕೊಟ್ಟ ಬಿಲ್ಲುಗಾರನೂ ಇದ್ದ. ಯಾರನ್ನು ಬೇಕಾದರೂ ಅಜ್ಜನನ್ನಾಗಿ ಮಾಡಿಕೊಳ್ಳಬಹುದಿತ್ತು.

"ಇದ್ದಾರೆ! ಬತೂಲ್, ಇದ್ದಾರೆ! ಬಾಗಿಲು ತೆಗಿ, ಈಗಲೇ ಹೇಳ್ತೀನಿ" ಎಂದು ಅವನು ಓಡಿ ಬಂದ.

ಒಳಗಿನಿಂದ ಹಾಜಿಯ ಗಂಭೀರವಾದ ದನಿ ಕೇಳಿಸಿತು.

"ಬತೂಲ್, ಅಗಳಿ ಹಾಕಮ್ಮ. ನಮ್ಮ ಮನೆತನದವರು ಕಂಡಕಂಡವರಿಗೆಲ್ಲ ಬಾಗಿಲು ತೆರೆಯೋದಿಲ್ಲ."