ಒಂದು ಕಂಬಿ ಕಮ್ಮಿ ಇದ್ದ ಕಿಟಕಿ

ಚಾಮರಾಜಪೇಟೆಯ ಸಂಕರ್ಷಣನ ಮನೆಯ ಕಿಟಕಿ ಬಾಗಿಲುಗಳನ್ನು ಗೆದ್ದಲು ಮದುವೆ ಊಟಕ್ಕೆ ಕೂತವರಂತೆ ನಿಧಾನವಾಗಿ ತಿನ್ನುತ್ತಿತ್ತು. ಸಂಕರ್ಷಣ ಬಜೆಟ್ ಹಾಕಿದ. ಎರಡು ಸಲ ಕೂಡಿದಾಗ ಎರಡು ಮೊತ್ತ ಬಂತು. ದೊಡ್ಡದಕ್ಕೆ ಹೆದರಿ, ಬಾಗಿಲುಗಳಿಗೆ ಬರೀ ಗೆದ್ದಲು ಔಷಧಿ ಹೊಡೆಸಿ, ಕಿಟಕಿಗಳಿಗೆ ಮಾತ್ರ ಅಡ್ವಾನ್ಸ್ ಕೊಟ್ಟ.

ಅಂಗಡಿಯ ಶಶಿಕುಮಾರ್ ಗಾಜಿನ ಕಿಟಕಿಗಳೊಂದಿಗೆ ಬೆಳಿಗ್ಗೆಯೇ ಬಂದ. ಮಿಕ್ಕದ್ದೆಲ್ಲ ಮುಗಿಸಿ ಅಡುಗೆಮನೆ ಕಿಟಕಿಗೆ ಸುತ್ತಿಗೆ ಎತ್ತಿದಾಗ, ಎದುರು ಕಿಟಕಿಯಲ್ಲಿ ಪಕ್ಕದ ಮನೆಯ ಕಾವೇರಮ್ಮನ ಮುಖ ಕಂಡಿತು.

"ಸಂಕೂ, ಏನೋ ಒಡೆಸ್ತಿದೀಯ?"

ಎರಡು ಅಡುಗೆಮನೆಗಳ ನಡುವೆ ಕೈ ಚಾಚಿದರೆ ಮುಟ್ಟುವಷ್ಟೇ ಸಂದಿ. ಬಟ್ಟಲು ತೂರಲೆಂದೇ ಸಂಕರ್ಷಣನ ಅಮ್ಮ ಈ ಕಿಟಕಿಯ ಒಂದು ಕಂಬಿ ತೆಗೆಸಿದ್ದರು. ಈ ಕಡೆಯಿಂದ ಸಾರು, ಆ ಕಡೆಯಿಂದ ಗೊಜ್ಜು. ಖಾಲಿ ಬಟ್ಟಲು ವಾಪಸ್ಸು ಕೊಡಬಾರದೆಂಬ ಪದ್ಧತಿ ಬೇರೆ. ಏನೂ ಇಲ್ಲದಿದ್ದರೆ ಸಕ್ಕರೆಯಾದರೂ ಹಾಕಬೇಕು. ಹೀಗಾಗಿ ಅಮ್ಮ ಹೋದ ಮೇಲೂ ಬಟ್ಟಲಿಗೆ ನಿವೃತ್ತಿಯಾಗಿರಲಿಲ್ಲ.

"ಕಂಬಿ ತೆಗೆದ ದಿನಾನೇ ನೀನು ಅದ್ರಲ್ಲಿ ತಲೆ ಸಿಕ್ಕಿಸ್ಕೊಂಡಿದ್ದೆ. ಕೊಬ್ರಿ ಎಣ್ಣೆ ಹಚ್ಚಿ ಬಿಡಿಸಿದ್ದು ನಾನು. ಗಾಜು ಹಾಕ್ಸಿದ್ರೆ ಗೊಜ್ಜು ಹೇಗೋ ಕೊಡ್ಲಿ, ಕೊರಿಯರ್ ಮಾಡ್ಲಾ?"

ಸಂಕರ್ಷಣ ಶಶಿಕುಮಾರನ ಸುತ್ತಿಗೆ ಹಿಡಿದು ನಿಲ್ಲಿಸಿದ. ಅಷ್ಟರಲ್ಲಿ ಕಾವೇರಮ್ಮನ ಯಜಮಾನರು ದೊರೆಸ್ವಾಮಿ, ಕರೆಯದಿದ್ದರೂ, ತಮ್ಮದೇ ಟೇಪು ಹಿಡಿದು ಒಳಗೆ ಬಂದರು. ಮೇಲೆ ಎಗ್ಸಾಸ್ಟ್ ಫ್ಯಾನು ಕೂರಿಸಿದ್ದ ಹೊಸ ಕಿಟಕಿಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದು ತಲೆಯಾಡಿಸಿದರು.

"ಇದೊಂದನ್ನ ಕ್ಯಾನ್ಸಲ್ ಮಾಡಪ್ಪ. ಬಜೆಟ್ಟೂ ಹಗುರ ಆಗತ್ತೆ, ಅಮ್ಮನ ನೆನಪೂ ಉಳಿಯತ್ತೆ."

"ಅಳತೆಗೆ ಮಾಡಿಸಿರೋದು ಸಾರ್. ವಾಪಸ್ ತಗೊಂಡೋಗಿ ನಾನೇನು ತಲೆಗೆ ಹಾಕ್ಕೊಳ್ಲಾ?" ಎಂದ ಶಶಿಕುಮಾರ್. "ಅಡ್ವಾನ್ಸ್ ಮರೆತುಬಿಡಿ."

"ಸೊಳ್ಳೆಗಳಿಗೂ ಅತ್ತೆ ನೆನಪಿದೆಯಾ, ಕೇಳಿ," ಎಂದಳು ಹೆಂಡತಿ ಶ್ರೀವಿದ್ಯಾ.

ಹಳೆಯ ಕಿಟಕಿಯೇ ಇರಲೆಂದ ಸಂಕರ್ಷಣ ಜಗ್ಗಲಿಲ್ಲ. ಅಡ್ವಾನ್ಸ್ ಹೋಯಿತು, ಹೆಂಡತಿಯ ಮಾತೂ ನಿಂತಿತು. ಶಶಿಕುಮಾರನನ್ನು ಬೀದಿಯವರೆಗೆ ಬಿಟ್ಟುಬರುತ್ತೇನೆಂದು ದೊರೆಸ್ವಾಮಿ ಹೊರಟಾಗ, ಎಂಥ ದೊಡ್ಡ ಮನುಷ್ಯರು ಎಂದುಕೊಂಡ. ತಾನು ಸೊಳ್ಳೆಬತ್ತಿ ತರಲು ಮಾರ್ಕೆಟ್ಟಿಗೆ ಹೋದ. ದಾರಿಯುದ್ದಕ್ಕೂ ಅಮ್ಮನ ಬಳೆ ಆ ಕಂಬಿಗಳಿಗೆ ತಾಗುತ್ತಿದ್ದ ಸದ್ದು ಕಿವಿಯಲ್ಲಿತ್ತು.

ಸಂಜೆ ಬಂದವನೇ ಕಾವೇರಮ್ಮನ ಬಟ್ಟಲಿಗೆ ಸಕ್ಕರೆ ತುಂಬಿ, ಕಂಬಿಯಿಲ್ಲದ ಜಾಗದಲ್ಲಿ ಕೈ ತೂರಿಸಿ, ಗೆದ್ದವನ ಗತ್ತಿನಲ್ಲಿ ಚಾಚಿದ.

ಟಣ್ ಎಂದಿತು.

ಎದುರು ಮನೆಯಲ್ಲಿ ಮೇಲೆ ಎಗ್ಸಾಸ್ಟ್ ಫ್ಯಾನು, ಕೆಳಗೆ ತೆರೆಯಲು ಬಾರದ ಗಾಜು. ಬೆಳಿಗ್ಗೆ ತಾನೇ ಬೇಡವೆಂದ ಕಿಟಕಿ. ಗಾಜಿನ ಹಿಂದೆ ಕಾವೇರಮ್ಮ ಗೊಜ್ಜಿನ ಬಟ್ಟಲು ಹಿಡಿದು ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ.

ಫೋನು ಬಡಿದುಕೊಂಡಿತು. ದೊರೆಸ್ವಾಮಿ.

"ನೋಡಿದ್ಯೇನೋ? ಅರ್ಧ ರೇಟಿಗೆ ಬಂತು. ಎರಡು ಮನೆ ಕಟ್ಟಿದ ಮೇಸ್ತ್ರಿ ಒಬ್ಬನೇ ಅಲ್ವಾ, ಅಳತೆ ಕರೆಕ್ಟಾಗಿ ಕೂತ್ಕೊಳ್ತು. ನಮ್ಮನೆಯವಳು ದೇವಸ್ಥಾನದಿಂದ ಬರೋದ್ರೊಳಗೆ ಹಾಕಿಸ್ಬಿಟ್ಟೆ."

"ಮತ್ತೆ ಗೊಜ್ಜು, ಮಾವ?"

"ಅದಕ್ಕೇನಂತೆ, ನಿನ್ನ ಕಿಟಕಿ ತೆರೆದೇ ಇದೆಯಲ್ಲ. ತಾಳು, ಫ್ಯಾನ್ ಹಾಕ್ತೀನಿ."

ಫ್ಯಾನು ತಿರುಗಿತು. ಕಂಬಿಯಿಲ್ಲದ ಜಾಗದಿಂದ ಗೊಜ್ಜಿನ ಘಮ ನೇರ ಮೂಗಿಗೆ ಬಡಿಯಿತು. ಹಿಂದೆ ಶ್ರೀವಿದ್ಯಾ ಸೊಳ್ಳೆಬತ್ತಿ ಹಚ್ಚಿದಳು.